ಊರಿಗೆಲ್ಲ ಒಂದೇ ವ್ಯಾನು



ಇಸವಿಗಳನ್ನು ಬಾಯಿಪಾಠ ಮಾಡಿಸುತ್ತಿದ್ದ ಮಾಷ್ಟ್ರು ಎಂದು ನಿಮ್ಮಲ್ಲಿ ಹಲವರು ಇಂದಿಗೂ ನನ್ನನ್ನು ಹಾಸ್ಯ ಮಾಡುವುದುಂಟು. ಆದರೆ ತರಗತಿಯಲ್ಲಿ ನಾನು ಎಂದೂ ಹೇಳಿಕೊಡದ ಇಸವಿಯೊಂದಿದೆ: 1984. ಮಾರುತಿ ವ್ಯಾನು ಎಂಬ ಪುಟ್ಟ ವಾಹನ ಭಾರತದ ರಸ್ತೆಗಿಳಿದ ವರ್ಷವದು. ಬ್ರಹ್ಮಾವರದಿಂದ ಕುಂದಾಪುರ ದಾಟಿ ಬೈಂದೂರಿನವರೆಗಿನ ನಮ್ಮ ಸೀಮೆಯಲ್ಲಿ ಎಷ್ಟೋ ಮನೆಗಳು ಕಂಡ ಮೊದಲ ನಾಲ್ಕು ಚಕ್ರದ ವಾಹನ ಅದೇ. ಈ ಪ್ರದೇಶದ ಸಾಮಾಜಿಕ ಚರಿತ್ರೆಯನ್ನು ಬರೆಯುವವರು ಅದಕ್ಕೊಂದು ಪುಟವನ್ನಾದರೂ ಮೀಸಲಿಡಬೇಕೆಂಬುದು ನನ್ನ ಅಭಿಪ್ರಾಯ.

ಅದಕ್ಕೂ ಮೊದಲು ಕಾರು ಎಂದರೆ ಅಂಬಾಸಡರ್ ಅಥವಾ ಪ್ರೀಮಿಯರ್ ಪದ್ಮಿನಿ. ಹೊಸ ಕಾರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. 1982ರಲ್ಲಿ ಭಾರತ ಸರ್ಕಾರದ ಮಾರುತಿ ಸಂಸ್ಥೆ ಜಪಾನಿನ ಸುಜುಕಿಯೊಡನೆ ಒಪ್ಪಂದ ಮಾಡಿಕೊಂಡಿತು. 1983ರ ಡಿಸೆಂಬರ್ 14ರಂದು ಮಾರುತಿ 800 ಬಂತು. ಮರುವರ್ಷ ಅದೇ 796 ಸಿಸಿಯ ಮೂರು ಸಿಲಿಂಡರ್ ಇಂಜಿನ್ನನ್ನು ಹೊತ್ತ ವ್ಯಾನು. ಎರಡನೆಯ ಮಹಾಯುದ್ಧದಿಂದ ಜರ್ಜರಿತವಾಗಿದ್ದ ಜಪಾನು, ಸಾಮಾನ್ಯರ ಕೈಗೆಟಕುವಂತೆ ಪುಟ್ಟ ವಾಹನಗಳ ಪ್ರತ್ಯೇಕ ವರ್ಗವೊಂದನ್ನು ರೂಪಿಸಿತ್ತು. ಅಲ್ಲಿಯ ರೈತರಿಗೂ ಅಂಗಡಿಯವರಿಗೂ ಒದಗಿದ ಸುಜುಕಿ ಕ್ಯಾರಿ ಎಂಬ ಗಾಡಿಯೇ ನಮ್ಮ ವ್ಯಾನಿನ ಮೂಲ. 1988ರಲ್ಲಿ ಅದಕ್ಕೆ ಓಮ್ನಿ ಎಂಬ ಹೆಸರಾಯಿತು.

ನಮ್ಮ ಕರಾವಳಿಗೆ ಅದು ಅಷ್ಟು ಚೆನ್ನಾಗಿ ಒಗ್ಗಿದ್ದೇಕೆ? ಉತ್ತರ ನಮ್ಮ ನೆಲದಲ್ಲಿಯೇ ಇದೆ. ಘಟ್ಟದ ಮೇಲಿನಂತೆ ಇಲ್ಲಿ ಮನೆಗಳು ಒತ್ತೊತ್ತಾಗಿಲ್ಲ. ಬೈಲಿನ ಆಚೆಗೊಂದು, ತೋಡಿನ ಈಚೆಗೊಂದು, ತೋಟದ ನಡುವೆ ಇನ್ನೊಂದು. ಹೆದ್ದಾರಿಯಲ್ಲಿ ಹಗಲೆಲ್ಲ ಖಾಸಗಿ ಬಸ್ಸುಗಳಿಗೆ ಕೊರತೆಯಿರಲಿಲ್ಲ. ಕಷ್ಟವಿದ್ದದ್ದು ಹೆದ್ದಾರಿಯಿಂದ ಮನೆಯಂಗಳದವರೆಗಿನ ಮೈಲಿ ಎರಡು ಮೈಲಿಗೆ, ಅದರಲ್ಲೂ ಕತ್ತಲಾದ ಮೇಲೆ. ಆ ದಾರಿಯಲ್ಲಿ ಎರಡೂ ಕಡೆ ಕೆಂಪುಕಲ್ಲಿನ ಪಾಗಾರ. ಅಂಬಾಸಡರಿಗಿಂತ ಸುಮಾರು ಒಂದು ಗೇಣು ಕಿರಿದಾದ, 1.41 ಮೀಟರ್ ಅಗಲದ, 3.37 ಮೀಟರ್ ಉದ್ದದ ಈ ವ್ಯಾನು ಅಲ್ಲಿ ನುಸುಳಿ ಅಂಗಳಕ್ಕೆ ಬರುತ್ತಿತ್ತು. ಇಂಜಿನ್ ಮುಂದಿನ ಸೀಟಿನ ಅಡಿಯಲ್ಲಿದ್ದುದರಿಂದ ಮೂತಿಗೆ ಜಾಗ ವ್ಯರ್ಥವಾಗುತ್ತಿರಲಿಲ್ಲ. ಹಿಂದಿನ ಸೀಟು ಕಳಚಿದರೆ ತೆಂಗಿನಕಾಯಿ, ಅಡಕೆ ಮೂಟೆ, ಮದುವೆಮನೆಯ ಕೊಪ್ಪರಿಗೆ ಎಲ್ಲವೂ ಹಿಡಿಸುತ್ತಿತ್ತು. ಸರಿಸುವ ಬಾಗಿಲು, ತಗ್ಗಿನ ನೆಲ; ಬಸ್ಸಿನ ಮೆಟ್ಟಿಲು ಹತ್ತಲಾಗದ ಅಜ್ಜಿಯಂದಿರು ಇದರಲ್ಲಿ ಸಲೀಸಾಗಿ ಕುಳಿತು ಕೊಲ್ಲೂರಿಗೆ ಹೋಗಿಬಂದರು.

ಕೊಳ್ಳುವ ಹಣ ಎಲ್ಲಿಂದ ಬಂತು ಎಂಬುದೂ ಚರಿತ್ರೆಯೇ. ಬೆಂಗಳೂರು, ಮುಂಬಯಿಗಳ ಹೊಟೇಲುಗಳಿಂದ, ಗಲ್ಫ್ ದೇಶಗಳಿಂದ ಊರಿಗೆ ಬಂದ ಗಳಿಕೆ ಒಂದು. ಮನೆಬಾಗಿಲಿನ ಉಳಿತಾಯ ಇನ್ನೊಂದು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, 2020ರಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನವಾದ ಸಿಂಡಿಕೇಟ್ ಬ್ಯಾಂಕು 1928ರಷ್ಟು ಹಿಂದೆಯೇ ಪಿಗ್ಮಿ ಠೇವಣಿಯನ್ನು ಆರಂಭಿಸಿತ್ತು. ದಿನಕ್ಕೆ ಎರಡಾಣೆಯಿಂದ ತೊಡಗಿದ ಆ ಅಭ್ಯಾಸ ನಮ್ಮ ಜಿಲ್ಲೆಯ ರಕ್ತದಲ್ಲಿ ಬೆರೆತುಹೋಗಿದೆ. 1998ರಲ್ಲಿ ನಾನು ವ್ಯಾನು ಕೊಂಡದ್ದೂ ಪಿಗ್ಮಿಯ ಹಣಕ್ಕೆ ಭವಿಷ್ಯನಿಧಿಯ ಮುಂಗಡವನ್ನು ಸೇರಿಸಿಯೇ. ಒಂಬತ್ತು ವರ್ಷ ಹಳೆಯ ಗಾಡಿ, 60,000 ರೂಪಾಯಿ. ಗ್ಯಾರೇಜಿನಲ್ಲಿದ್ದ ನನ್ನ ಹಳೆಯ ವಿದ್ಯಾರ್ಥಿ ಸೀಟನ್ನು ಎತ್ತಿ ನೋಡಿ, “ಗಾಡಿ ಹಳತೇ ಮಾಷ್ಟ್ರೇ, ಆರೆ ಇಂಜಿನ್ ಗಟ್ಟಿ ಇತ್ತ್” ಎಂದ. ಅವನ ಮಾತು ಸುಳ್ಳಾಗಲಿಲ್ಲ. ಕಾಡಿದ್ದು ತುಕ್ಕು. ಕಡಲಿನ ಉಪ್ಪುಗಾಳಿಗೆ ಬಾಗಿಲ ಹಳಿ ಸವೆದು, ಮಳೆಗಾಲ ಮುಗಿಯುವಷ್ಟರಲ್ಲಿ ಬಾಗಿಲು ಸರಿಸಲು ಇಬ್ಬರು ಬೇಕಾಗುತ್ತಿತ್ತು. ಬೇಸಗೆಯಲ್ಲಿ ಸೀಟಿನಡಿಯ ಇಂಜಿನ್ನಿನ ಕಾವು ಬೇರೆ.

ಅದೇ ವರ್ಷ ಕೊಂಕಣ ರೈಲು ಪೂರ್ತಿಯಾಗಿ ಓಡಲಾರಂಭಿಸಿತು. ಪೇಟೆಯಿಂದ ದೂರದ ಮೂಡ್ಲಕಟ್ಟೆಯ ನಿಲ್ದಾಣದಲ್ಲಿ ಇಳಿಯುವ ಮುಂಬಯಿ ನೆಂಟರನ್ನು, ನಮ್ಮವರನ್ನು ಮಾತ್ರವಲ್ಲ, ಕೇರಿಯವರ ನೆಂಟರನ್ನೂ ಕರೆತರುವ ಕೆಲಸ ವ್ಯಾನಿನದಾಯಿತು. ಆರ್.ಸಿ. ಪುಸ್ತಕದಲ್ಲಿ ನನ್ನ ಹೆಸರಿತ್ತು, ಗಾಡಿ ಊರಿನದಾಗಿತ್ತು.

ಇದರ ನಿಜವಾದ ಅರ್ಥ ನನಗೆ ತಿಳಿದದ್ದು ರಾತ್ರಿಗಳಲ್ಲಿ. ಕರ್ನಾಟಕದಲ್ಲಿ 108 ಆಂಬುಲೆನ್ಸ್ ಸೇವೆ ಆರಂಭವಾದದ್ದು 2008ರ ನವೆಂಬರಿನಲ್ಲಿ. ಅದಕ್ಕೆ ಮೊದಲು ಹಳ್ಳಿಯಲ್ಲಿ ಆಂಬುಲೆನ್ಸ್ ಎಂದರೆ ಯಾರ ಮನೆಯಲ್ಲಿ ವ್ಯಾನು ಇದೆಯೋ ಅದು. 2002ರ ಜುಲೈ, ಎಡೆಬಿಡದ ಮಳೆ. ನಡುರಾತ್ರಿ ಹೊರಗಿನಿಂದ ಕೂಗು: “ಮಾಷ್ಟ್ರೇ, ವ್ಯಾನ್ ಇತ್ತಾ?” ನೆರೆಮನೆಯ ಹಿರಿಯರಿಗೆ ಎದೆನೋವು. ಹಿಂದಿನ ಸೀಟು ಕಳಚಿ, ಚಾಪೆ ಹಾಸಿ, ಅವರನ್ನು ಮಲಗಿಸಿದೆವು. ಮಗ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ಮಣಿಪಾಲಕ್ಕೆ ಸುಮಾರು 40 ಕಿಲೋಮೀಟರು. ಅವರು ಬದುಕಿದರು, ಮತ್ತೆ ಏಳು ವರ್ಷ ಸಂಜೆ ಹೊತ್ತು ನಮ್ಮ ಜಗಲಿಗೆ ಬಂದು ಕೂರುತ್ತಿದ್ದರು.

ಆದರೆ ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಚರಿತ್ರೆಯಾಗದು, ಬರಿಯ ಹೊಗಳಿಕೆಯಾದೀತು. ನಡುರಾತ್ರಿ ನನ್ನನ್ನು ಕೂಗುವ ಸಲುಗೆ ನೆರೆಮನೆಯವರಿಗಿತ್ತು. ಆ ಸಲುಗೆಯಿಲ್ಲದವರೂ ಅದೇ ಊರಿನಲ್ಲಿದ್ದರು. ವ್ಯಾನಿದ್ದ ಮನೆಯ ಅಂಗಳಕ್ಕೆ ಬರಲು ಹಿಂಜರಿದು, ಬೆಳಗಿನ ಮೊದಲ ಬಸ್ಸಿಗೆ ಕಾದವರು. ಅವರ ಕತೆಗಳು ನಮ್ಮ ನೆನಪುಗಳಲ್ಲಿ ಇಲ್ಲ, ಏಕೆಂದರೆ ಅವರು ಕೇಳಲೇ ಇಲ್ಲ. ವಾಹನವೂ ನಿರಪಾಯಕಾರಿಯಲ್ಲ. ಮುಂದೆ ಬಾನೆಟ್ ಇಲ್ಲದ ಗಾಡಿ. ಎದುರಿನಿಂದ ಡಿಕ್ಕಿಯಾದರೆ ಮೊದಲ ಪೆಟ್ಟು ಚಾಲಕನ ಮೊಣಕಾಲಿಗೆ. ಮೂವತ್ತೈದು ವರ್ಷಗಳ ತರುವಾಯ, 2019ರಲ್ಲಿ, ಹೊಸ ಸುರಕ್ಷತಾ ನಿಯಮಗಳ ಹಿನ್ನೆಲೆಯಲ್ಲಿ ಓಮ್ನಿಯ ತಯಾರಿಕೆ ನಿಂತಿತು. ನಿಲ್ಲಬೇಕಾದದ್ದೇ.

ನನ್ನ ವ್ಯಾನನ್ನು 2009ರಲ್ಲಿ ತರಕಾರಿ ವ್ಯಾಪಾರಿಯೊಬ್ಬರು ಕೊಂಡರು. ಈಗ ಬೈಂದೂರು, ಬ್ರಹ್ಮಾವರಗಳೂ ತಾಲೂಕುಗಳಾಗಿವೆ, ಹೆದ್ದಾರಿ ಅಗಲವಾಗಿದೆ, ಮನೆಗೊಂದು ಕಾರು ಇದೆ. ಕರೆದರೆ ಬರುವ ಆಂಬುಲೆನ್ಸಿಗೆ ಯಾರ ದಾಕ್ಷಿಣ್ಯವೂ ಬೇಕಿಲ್ಲ, ಕೇಳುವವರು ತಲೆತಗ್ಗಿಸಬೇಕಿಲ್ಲ. ನೆರೆಯವರ ಔದಾರ್ಯಕ್ಕಿಂತ ಎಲ್ಲರಿಗೂ ಸಲ್ಲುವ ಹಕ್ಕು ದೊಡ್ಡದು ಎಂದು ನಾಗರಿಕಶಾಸ್ತ್ರದ ಪಾಠದಲ್ಲಿ ನಿಮಗೆ ಹೇಳುತ್ತಿದ್ದೆ. ಇಂದಿಗೂ ಅದನ್ನೇ ಹೇಳುತ್ತೇನೆ. ಆ ಹಕ್ಕು ನಮ್ಮ ಹಳ್ಳಿಗಳನ್ನು ತಲುಪುವವರೆಗಿನ ಇಪ್ಪತ್ತನಾಲ್ಕು ವರ್ಷಗಳ ಅಂತರವನ್ನು ತನ್ನ ಶಕ್ತಿಯಿದ್ದಷ್ಟು ತುಂಬಿದ್ದು ಮಾತ್ರ ಈ ಪುಟ್ಟ ಗಾಡಿಯೇ. ನಿಮ್ಮ ಮನೆಗೆ ಮೊದಲು ಬಂದ ವಾಹನ ಯಾವುದು, ಅದರಲ್ಲಿ ಯಾರು ಯಾರು ಕುಳಿತರು, ಯಾರು ಕುಳಿತಿರಲಿಲ್ಲ ಎಂಬುದನ್ನು ಹಿರಿಯರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ.