ಫ್ಲಿಂಟ್ ನೀರಿನ ಪಾಠ: ಸಲಹೆಗಾರರ ಮೇಲೆ ಕಣ್ಣಿಡುವವರು ಯಾರು?

ನಗರವೊಂದರ ನೀರು ಶುದ್ಧೀಕರಣ ಘಟಕವನ್ನು ನವೀಕರಿಸಲು ಹೊಸ ಪಂಪು, ಹೊಸ ತೊಟ್ಟಿಗಳಷ್ಟೇ ಸಾಲವು. ಯಾವ ನೀರಿಗೆ ಯಾವ ಸಂಸ್ಕರಣೆ ಬೇಕು, ಅದು ಹಳೆಯ ಕೊಳವೆಗಳಲ್ಲಿ ಹರಿದಾಗ ಏನಾಗುತ್ತದೆ ಎಂಬುದನ್ನು ತಿಳಿದವರು ಬೇಕು. ಅಂಥ ತಜ್ಞರನ್ನೆಲ್ಲ ಸಂಬಳ ಕೊಟ್ಟು ಇಟ್ಟುಕೊಳ್ಳುವ ಶಕ್ತಿ ಬಹಳಷ್ಟು ನಗರಾಡಳಿತಗಳಿಗೆ ಇರುವುದಿಲ್ಲ. ಆದ್ದರಿಂದ ಹೊರಗಿನ ಎಂಜಿನಿಯರಿಂಗ್ ಸಲಹಾ ಸಂಸ್ಥೆಗಳನ್ನು ನೇಮಿಸಿಕೊಳ್ಳುವುದು ಎಲ್ಲೆಡೆ ರೂಢಿಗೆ ಬಂದಿದೆ. ಈ ರೂಢಿಯಲ್ಲಿ ತಪ್ಪೇನೂ ಇಲ್ಲ. ಆದರೆ ಸಲಹೆಯನ್ನು ಕೊಳ್ಳುವವರಿಗೆ ಆ ಸಲಹೆಯನ್ನು ಒರೆಗೆ ಹಚ್ಚುವ ಶಕ್ತಿಯೇ ಇಲ್ಲದಿದ್ದರೆ ಏನಾಗಬಹುದು ಎಂಬುದಕ್ಕೆ ಅಮೆರಿಕದ ಫ್ಲಿಂಟ್ ನಗರದ ಕಥೆ ಸಾಕ್ಷಿಯಾಗಿದೆ.

ಮಿಷಿಗನ್ ರಾಜ್ಯದ ಫ್ಲಿಂಟ್, ಡೆಟ್ರಾಯಿಟ್‌ಗೆ ಸುಮಾರು 100 ಕಿಲೋಮೀಟರ್ ವಾಯವ್ಯಕ್ಕಿದೆ. 1908ರಲ್ಲಿ ಜನರಲ್ ಮೋಟಾರ್ಸ್ ಕಂಪೆನಿ ಹುಟ್ಟಿದ್ದು ಇಲ್ಲಿಯೇ. ಕಾರು ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದಂತೆ ಊರೂ ಸೊರಗಿತು. ಜನಸಂಖ್ಯೆ ಒಂದು ಲಕ್ಷದ ಆಸುಪಾಸಿಗೆ ಇಳಿಯಿತು, ಬೊಕ್ಕಸ ಬರಿದಾಯಿತು. 2011ರ ಕೊನೆಯಲ್ಲಿ ರಾಜ್ಯ ಸರ್ಕಾರ ಅಲ್ಲಿಗೆ ತುರ್ತು ಆಡಳಿತಾಧಿಕಾರಿಯನ್ನು ನೇಮಿಸಿತು. ನಮ್ಮಲ್ಲಿ ಸೂಪರ್‌ಸೀಡ್ ಆದ ಪುರಸಭೆಗೆ ಆಡಳಿತಾಧಿಕಾರಿ ಬರುವಂತೆಯೇ ಇದು. ಮೇಯರ್ ಇದ್ದರು, ನಗರಸಭೆಯೂ ಇತ್ತು, ಅಧಿಕಾರ ಮಾತ್ರ ಅವರ ಕೈಯಲ್ಲಿರಲಿಲ್ಲ.

ಉಳಿತಾಯದ ಲೆಕ್ಕ

1967ರಿಂದ ಫ್ಲಿಂಟ್, ಹ್ಯೂರಾನ್ ಸರೋವರದ ಶುದ್ಧೀಕರಿಸಿದ ನೀರನ್ನು ಡೆಟ್ರಾಯಿಟ್‌ನಿಂದ ಕೊಳ್ಳುತ್ತಿತ್ತು. ಊರಿನ ಸ್ವಂತ ಘಟಕ 1950ರ ದಶಕದ್ದು. ಅದನ್ನು ತುರ್ತು ಸಂದರ್ಭಕ್ಕೆಂದು ಮಾತ್ರ ಉಳಿಸಿಕೊಳ್ಳಲಾಗಿತ್ತು. ಡೆಟ್ರಾಯಿಟ್‌ನ ದರ ಏರುತ್ತಾ ಹೋದಾಗ, ಅದೇ ಸರೋವರದಿಂದ ಹೊಸ ಕೊಳವೆಮಾರ್ಗ ಹಾಕಲಿದ್ದ ಕರೆಗ್ನೊಂಡಿ ಜಲ ಪ್ರಾಧಿಕಾರವನ್ನು ಸೇರಲು 2013ರಲ್ಲಿ ನಿರ್ಧಾರವಾಯಿತು. ಆ ಮಾರ್ಗ ಸಿದ್ಧವಾಗಲು ವರ್ಷಗಳು ಬೇಕಿದ್ದವು. ಅಲ್ಲಿಯವರೆಗೆ ಊರ ನಡುವೆ ಹರಿಯುವ ಫ್ಲಿಂಟ್ ನದಿಯ ನೀರನ್ನೇ ಹಳೆಯ ಘಟಕದಲ್ಲಿ ಶುದ್ಧೀಕರಿಸಿ ಕೊಟ್ಟರೆ ಹಣ ಉಳಿಯುತ್ತದೆಂದು ಲೆಕ್ಕ ಹಾಕಲಾಯಿತು.

ಘಟಕವನ್ನು ಅಣಿಗೊಳಿಸುವ ಕೆಲಸ 2013ರ ಜೂನ್‌ನಲ್ಲಿ ಲಾಕ್‌ವುಡ್, ಆಂಡ್ರ್ಯೂಸ್ ಅಂಡ್ ನ್ಯೂನಾಮ್ ಎಂಬ ಸಲಹಾ ಸಂಸ್ಥೆಗೆ ಹೋಯಿತು. ಸ್ಪರ್ಧಾತ್ಮಕ ಟೆಂಡರ್ ಕರೆಯಲಿಲ್ಲ. ಆರಂಭದ ಗುತ್ತಿಗೆಯ ಮೊತ್ತ 1,71,000 ಡಾಲರ್. ಅದಕ್ಕೆ ಅಂಕಿತ ಹಾಕಿದವರು ತುರ್ತು ಆಡಳಿತಾಧಿಕಾರಿ. ಅಪರೂಪಕ್ಕೊಮ್ಮೆ ಓಡುತ್ತಿದ್ದ ಘಟಕವೊಂದು ಒಂದು ವರ್ಷದೊಳಗೆ ಇಡೀ ಊರಿಗೆ ದಿನದ 24 ಗಂಟೆಯೂ ನೀರು ಕೊಡುವಂತಾಗಬೇಕಿತ್ತು.

ಕಲಾಯಿ ಇಲ್ಲದ ಪಾತ್ರೆ

ಇಲ್ಲಿ ಸ್ವಲ್ಪ ರಸಾಯನಶಾಸ್ತ್ರ ತಿಳಿಯಬೇಕು. ಫ್ಲಿಂಟ್‌ನ ಸಾವಿರಾರು ಮನೆಗಳಿಗೆ ಬೀದಿಯ ಕೊಳವೆಯಿಂದ ನೀರು ಬರುತ್ತಿದ್ದದ್ದು ಸೀಸದ ಕೊಳವೆಯ ಮೂಲಕ. ಡೆಟ್ರಾಯಿಟ್ ತನ್ನ ನೀರಿಗೆ ಆರ್ಥೋಫಾಸ್ಫೇಟ್ ಬೆರೆಸುತ್ತಿತ್ತು. ಅದು ಕೊಳವೆಯ ಒಳಮೈಗೆ ತೆಳುವಾದ ಪದರವಾಗಿ ಅಂಟಿ, ಸೀಸ ನೀರಿಗೆ ಇಳಿಯದಂತೆ ತಡೆಯುತ್ತಿತ್ತು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುವುದನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಕುದಿಸಿದರೆ ಕಿಲುಬೇಳುತ್ತದೆ. ಫ್ಲಿಂಟ್ ನದಿಯ ನೀರಿನಲ್ಲಿ ಕ್ಲೋರೈಡ್ ಹೆಚ್ಚು. ಶುದ್ಧೀಕರಣಕ್ಕೆ ಬಳಸಿದ ಫೆರಿಕ್ ಕ್ಲೋರೈಡ್ ಅದನ್ನು ಇನ್ನಷ್ಟು ಹೆಚ್ಚಿಸಿತು. ಅಂದರೆ ಕೊಳವೆಗೆ ಬಂದದ್ದು ‘ಹುಳಿ’ಯಂಥ ನೀರು. ಅದೇ ಹೊತ್ತಿಗೆ ‘ಕಲಾಯಿ’ ಹಾಕುವ ಫಾಸ್ಫೇಟ್ ನಿಂತುಹೋಯಿತು.

ಈ ಪ್ರಶ್ನೆ ಯಾರಿಗೂ ಹೊಳೆಯಲಿಲ್ಲವೆಂದಲ್ಲ. ಸಿದ್ಧತೆಯ ಹಂತದಲ್ಲೇ ಫಾಸ್ಫೇಟ್ ಮಾತು ಬಂದಿತ್ತು. ಮೊದಲು ನೀರಿನ ಪರೀಕ್ಷೆ ನಡೆಯಲಿ, ಆಮೇಲೆ ನೋಡೋಣ ಎಂಬ ಉತ್ತರ ರಾಜ್ಯದ ಪರಿಸರ ಗುಣಮಟ್ಟ ಇಲಾಖೆಯಿಂದ ಬಂತು ಎಂದು ಘಟಕದ ಪ್ರಯೋಗಾಲಯ ಮೇಲ್ವಿಚಾರಕ ಮೈಕ್ ಗ್ಲಾಸ್ಗೋ ಮುಂದೆ ಸಾಕ್ಷ್ಯ ನುಡಿದರು. ಸೀಸ ಮತ್ತು ತಾಮ್ರ ಕುರಿತ 1991ರ ಕೇಂದ್ರ ನಿಯಮವನ್ನು ಇಲಾಖೆ ತಪ್ಪಾಗಿ ಅರ್ಥೈಸಿತ್ತು. ಆರು ತಿಂಗಳ ಎರಡು ಪರೀಕ್ಷಾವಧಿಗಳು ಮುಗಿಯುವವರೆಗೆ ಕಾಯಬಹುದೆಂಬುದು ಅದರ ವಾದ. ಆ ಅವಧಿಯಲ್ಲಿ ನೀರು ಕುಡಿಯುವವರು ಜನ ಎಂಬುದು ಮಾತ್ರ ಮರೆತುಹೋಗಿತ್ತು.

2014ರ ಏಪ್ರಿಲ್ 17ರಂದು ಇದೇ ಗ್ಲಾಸ್ಗೋ ರಾಜ್ಯದ ಅಧಿಕಾರಿಗಳಿಗೆ ಇ-ಮೇಲ್ ಬರೆದರು. ಸಿಬ್ಬಂದಿಯ ತರಬೇತಿ ಮುಗಿದಿಲ್ಲ, ಕೆಲವೇ ವಾರಗಳಲ್ಲಿ ಈ ಘಟಕದ ನೀರನ್ನು ಊರಿಗೆ ಬಿಟ್ಟರೆ ಅದು ತನ್ನ ಸೂಚನೆಗೆ ವಿರುದ್ಧ ಎಂಬುದು ಅದರ ಸಾರ. ಎಂಟೇ ದಿನಕ್ಕೆ, ಏಪ್ರಿಲ್ 25ರಂದು, ಸಮಾರಂಭವೊಂದರಲ್ಲಿ ಮೇಯರ್ ಗುಂಡಿ ಒತ್ತಿದರು. ನದಿಯ ನೀರು ಮನೆಮನೆಯ ನಲ್ಲಿಗೆ ಹರಿಯಿತು.

ಒಂದಾದ ಮೇಲೊಂದು ಸೂಚನೆ

ನೀರಿನ ಬಣ್ಣ, ವಾಸನೆಯ ಬಗ್ಗೆ ದೂರುಗಳು ಬೇಗನೆ ಬಂದವು. ಬೇಸಿಗೆಯಲ್ಲಿ ಇ. ಕೋಲೈ ಬ್ಯಾಕ್ಟೀರಿಯ ಕಂಡುಬಂದು, ನೀರನ್ನು ಕುದಿಸಿ ಕುಡಿಯಲು ಸೂಚನೆ ಹೊರಟಿತು. ಕ್ಲೋರಿನ್ ಹೆಚ್ಚಿಸಿದ್ದರಿಂದ ಅದರ ಉಪೋತ್ಪನ್ನಗಳು ಮಿತಿ ಮೀರಿದವು. ಅಕ್ಟೋಬರ್‌ನಲ್ಲಿ ಜನರಲ್ ಮೋಟಾರ್ಸ್, ಈ ನೀರಿನಿಂದ ಎಂಜಿನ್ ಬಿಡಿಭಾಗಗಳಿಗೆ ತುಕ್ಕು ಹಿಡಿಯುತ್ತಿದೆ ಎಂದು ತನ್ನ ಕಾರ್ಖಾನೆಗೆ ಬೇರೆಡೆಯಿಂದ ನೀರು ತರಿಸಿಕೊಂಡಿತು. ಲೋಹಕ್ಕೆ ಒಗ್ಗದ ನೀರನ್ನು ಮಕ್ಕಳು ಕುಡಿಯುತ್ತಲೇ ಇದ್ದರು.

2015ರ ಫೆಬ್ರವರಿಯಲ್ಲಿ 40,000 ಡಾಲರ್ ಗುತ್ತಿಗೆಯ ಮೇಲೆ ವಿಯೋಲಿಯಾ ಎಂಬ ಎರಡನೆಯ ಸಂಸ್ಥೆ ಬಂತು. ನೀರು ನಿಯಮಗಳಿಗೆ ಅನುಗುಣವಾಗಿದೆ ಎಂದು ಮಾರ್ಚ್‌ನ ಅದರ ವರದಿ ಹೇಳಿತು. ಬಣ್ಣಗೆಟ್ಟ ನೀರಿಗೆ ಪರಿಹಾರವಾಗಿ ಫಾಸ್ಫೇಟ್ ಬಳಕೆಯ ಸಲಹೆಯೂ ಅದರಲ್ಲಿತ್ತು. ಸೀಸದ ಅಪಾಯದ ಎಚ್ಚರಿಕೆ ಮಾತ್ರ ಇರಲಿಲ್ಲ. ಸೀಸದ ಪರಿಶೀಲನೆ ತನಗೆ ವಹಿಸಿದ ಕೆಲಸದಲ್ಲಿ ಸೇರಿರಲಿಲ್ಲ ಎಂಬುದು ಸಂಸ್ಥೆ ಮುಂದೆ ಮಂಡಿಸಿದ ವಾದ. ಅದೇ ತಿಂಗಳು ನಗರಸಭೆ ಡೆಟ್ರಾಯಿಟ್ ನೀರಿಗೆ ಮರಳಲು 7-1 ಮತಗಳಿಂದ ನಿರ್ಣಯಿಸಿತು. ಆಗಿನ ತುರ್ತು ಆಡಳಿತಾಧಿಕಾರಿ ಅದನ್ನು ಒಪ್ಪಲಿಲ್ಲ.

ಕೊನೆಗೆ ಸತ್ಯ ಹೊರಬಂದದ್ದು ಗುತ್ತಿಗೆಯ ಹೊರಗಿದ್ದವರಿಂದ. ಲೀಆನ್ ವಾಲ್ಟರ್ಸ್ ಎಂಬ ತಾಯಿ ತಮ್ಮ ಮನೆಯ ನೀರಿನ ಪರೀಕ್ಷೆಗೆ ಹಟ ಹಿಡಿದರು. ಕ್ರಮ ಕೈಗೊಳ್ಳಬೇಕಾದ ಮಟ್ಟ ಶತಕೋಟಿಗೆ 15 ಅಂಶವಿದ್ದರೆ, ಅಲ್ಲಿ ಮೊದಲು 104, ಮರುಪರೀಕ್ಷೆಯಲ್ಲಿ 397 ಅಂಶ ಸೀಸ ಕಂಡಿತು. ಕೇಂದ್ರ ಪರಿಸರ ಸಂರಕ್ಷಣಾ ಸಂಸ್ಥೆಯ ಮಿಗೆಲ್ ಡೆಲ್ ಟೋರಲ್ ಜೂನ್‌ನಲ್ಲಿ ಎಚ್ಚರಿಕೆಯ ಟಿಪ್ಪಣಿ ಬರೆದರು. ವರ್ಜೀನಿಯಾ ಟೆಕ್‌ನ ಪ್ರಾಧ್ಯಾಪಕ ಮಾರ್ಕ್ ಎಡ್ವರ್ಡ್ಸ್ ತಂಡ ಮನೆಮನೆಯ ಮಾದರಿ ಪರೀಕ್ಷಿಸಿತು. ರಕ್ತದಲ್ಲಿ ಸೀಸ ಹೆಚ್ಚಿರುವ ಐದು ವರ್ಷದೊಳಗಿನ ಮಕ್ಕಳ ಪ್ರಮಾಣ ಶೇ 2.4ರಿಂದ ಶೇ 4.9ಕ್ಕೆ ಏರಿದೆಯೆಂದು ಮಕ್ಕಳ ವೈದ್ಯೆ ಮೋನಾ ಹನ್ನಾ-ಅತೀಶಾ ತೋರಿಸಿಕೊಟ್ಟರು. 2015ರ ಅಕ್ಟೋಬರ್ 16ರಂದು ಡೆಟ್ರಾಯಿಟ್ ನೀರು ಮರಳಿತು. ಅಷ್ಟರಲ್ಲಿ ಆ ಪ್ರದೇಶದಲ್ಲಿ ಲೀಜನೇರ್ಸ್ ಎಂಬ ಶ್ವಾಸಕೋಶದ ಕಾಯಿಲೆಗೆ 12 ಜನ ಬಲಿಯಾಗಿದ್ದರು.

ಹೊಣೆ ಯಾರದು?

ರಾಜ್ಯಪಾಲರು ನೇಮಿಸಿದ ತನಿಖಾ ಕಾರ್ಯಪಡೆ 2016ರ ಮಾರ್ಚ್‌ನಲ್ಲಿ ಪ್ರಧಾನ ಹೊಣೆಯನ್ನು ಪರಿಸರ ಗುಣಮಟ್ಟ ಇಲಾಖೆಯ ಮೇಲೆ ಹೊರಿಸಿತು. ರಾಜ್ಯ ಸರ್ಕಾರವೇ ಬಹುಪಾಲು ಭರಿಸಿದ 62.6 ಕೋಟಿ ಡಾಲರ್ ಪರಿಹಾರ ಒಪ್ಪಂದಕ್ಕೆ 2021ರಲ್ಲಿ ನ್ಯಾಯಾಲಯದ ಒಪ್ಪಿಗೆ ಸಿಕ್ಕಿತು. ಸಲಹಾ ಸಂಸ್ಥೆಗಳ ವಿರುದ್ಧದ ಮೊಕದ್ದಮೆಯಲ್ಲಿ 2022ರಲ್ಲಿ ಜ್ಯೂರಿಗೆ ಒಮ್ಮತ ಸಾಧ್ಯವಾಗಲಿಲ್ಲ. ಮೊದಲ ಸಂಸ್ಥೆ 2023ರಲ್ಲಿ 80 ಲಕ್ಷ ಡಾಲರ್‌ಗೆ, ವಿಯೋಲಿಯಾ 2024ರಲ್ಲಿ 2.5 ಕೋಟಿ ಮತ್ತು 2025ರಲ್ಲಿ 5.3 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡವು. ತಪ್ಪನ್ನು ಎರಡೂ ಒಪ್ಪಿಕೊಳ್ಳಲಿಲ್ಲ. ಅಧಿಕಾರಿಗಳ ವಿರುದ್ಧದ ಕ್ರಿಮಿನಲ್ ಪ್ರಕರಣಗಳು 2023ರ ಹೊತ್ತಿಗೆ ಬಿದ್ದುಹೋದವು. ಸುಮಾರು 11,000 ಕೊಳವೆಗಳನ್ನು ಬದಲಿಸುವ ಕೆಲಸ ಮುಗಿದದ್ದು 2025ರಲ್ಲಿ.

ಇಡೀ ಪ್ರಕರಣದಲ್ಲಿ ಎಲ್ಲರಿಗೂ ಒಂದೊಂದು ನೆಪವಿತ್ತು. ನಗರ ಸಲಹೆಗಾರರನ್ನು ನಂಬಿತು. ಸಲಹೆಗಾರರು ಗುತ್ತಿಗೆಯ ಪತ್ರವನ್ನು ತೋರಿಸಿದರು. ಇಲಾಖೆ ನಿಯಮದ ಅಕ್ಷರವನ್ನು ಹಿಡಿಯಿತು. ಸಲಹೆಗಾರರ ಮೇಲಿನ ನಿಗಾ ಎಂದರೆ ಅವರ ಬಿಲ್ಲು ಪರಿಶೀಲಿಸಿ ಹಣ ಮಂಜೂರು ಮಾಡುವುದಷ್ಟೇ ಅಲ್ಲ. ಅವರಿಗೆ ಏನನ್ನು ಕೇಳಿದ್ದೇವೆ, ಏನನ್ನು ಬಿಟ್ಟಿದ್ದೇವೆ ಎಂದು ತಿಳಿದಿರುವುದು. ಘಟಕ ನಡೆಸುವ ಕೆಲಸಗಾರ ಬೇಡವೆಂದಾಗ ಕೆಲಸ ನಿಲ್ಲಿಸುವ ಅಧಿಕಾರ ಯಾರಿಗಾದರೂ ಇರುವುದು. ಜನರ ಪ್ರತಿನಿಧಿಗಳ ಮಾತಿಗೆ ಬೆಲೆ ಇರುವುದು. ಫ್ಲಿಂಟ್‌ನಲ್ಲಿ ಈ ಮೂರೂ ಇರಲಿಲ್ಲ. ಕೆಲಸವನ್ನು ಗುತ್ತಿಗೆಗೆ ಕೊಡಬಹುದು, ಹೊಣೆಯನ್ನು ಕೊಡಲಾಗದು.