ಚಾಲಕನ ಬಲಗೈಯಿಂದ ಮಿನುಗುವ ದೀಪದವರೆಗೆ: ಹಳೆಯ ಕಾರಿಗೆ ಇಂಡಿಕೇಟರ್ ಕೂಡಿಸಿದ ಚರಿತ್ರೆ

ಎಡಗಡೆ ಸ್ಟಿಯರಿಂಗ್ ಇರುವ ಗಾಡಿಯನ್ನು ಭಾರತದ ರಸ್ತೆಗೆ ಇಳಿಸಬೇಕಾದರೆ ತಿರುವನ್ನು ಸೂಚಿಸುವ ಯಾಂತ್ರಿಕ ಅಥವಾ ವಿದ್ಯುತ್ ಸಾಧನ ಅದರಲ್ಲಿ ಇರಬೇಕು, ಅದು ಕೆಲಸ ಮಾಡುತ್ತಲೂ ಇರಬೇಕು. 1988ರ ಮೋಟಾರು ವಾಹನ ಕಾಯ್ದೆಯ 120ನೇ ಕಲಮಿನ ತಾತ್ಪರ್ಯ ಇದು. ಅದರ ಬೆನ್ನಿಗೇ ಬರುವ 121ನೇ ಕಲಂ ಬಲಗಡೆ ಸ್ಟಿಯರಿಂಗಿನ ಗಾಡಿಯ ಮಾತು ಬಂದಾಗ ದನಿ ತಗ್ಗಿಸುತ್ತದೆ. ಅಲ್ಲಿ ಇಂಥ ಸಾಧನದಿಂದ ಸೂಚನೆ ‘ಕೊಡಬಹುದು’. ಎಡಗಡೆಯದಕ್ಕೆ ಮಾತ್ರ ‘ಕೊಡತಕ್ಕದ್ದು’. ಈ ಎರಡು ಕ್ರಿಯಾಪದಗಳ ನಡುವೆ ಅಡಗಿರುವುದು ಚಾಲಕನ ಕೈ. ಬಲಗಡೆ ಕೂತವನ ಕೈ ಕಿಟಕಿಯಾಚೆ ರಸ್ತೆಯ ನಡುವಿಗೆ ಚಾಚುತ್ತದೆ, ಹಿಂದಿನವರಿಗೂ ಎದುರಿನವರಿಗೂ ಕಾಣುತ್ತದೆ. ಎಡಗಡೆ ಕೂತವನ ಕೈ ಚಾಚುವುದು ಫುಟ್‌ಪಾತಿನ ಕಡೆಗೆ.

ಆ ಕೈಗೆ ಒಂದು ವ್ಯಾಕರಣವೇ ಇತ್ತು. 1989ರ ರಸ್ತೆ ನಿಯಮಗಳ ಪ್ರಕಾರ ಬಲಕ್ಕೆ ತಿರುಗುವವನು ಬಲಗೈಯನ್ನು ಅಡ್ಡಕ್ಕೆ ಚಾಚಿ ಅಂಗೈಯನ್ನು ಮುಂದಕ್ಕೆ ತೋರಿಸಬೇಕಿತ್ತು. ಎಡಕ್ಕೆ ತಿರುಗುವವನು ಅದೇ ಕೈಯನ್ನು ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತಿಸಬೇಕಿತ್ತು. ನಿಧಾನಿಸುವಾಗ ಅಂಗೈ ಕೆಳಗೆ ಮಾಡಿ ಮೇಲೆ ಕೆಳಗೆ ಆಡಿಸಬೇಕಿತ್ತು. ಲಾರಿಯ ಎಡಬದಿಯ ಕಿಟಕಿಯಿಂದ ಕೈ ಹೊರಹಾಕಿ ಹಿಂದಿನವರನ್ನು ತಡೆಯುವ ಕ್ಲೀನರ್ ಈ ವ್ಯಾಕರಣಕ್ಕೆ ನಮ್ಮ ಹೆದ್ದಾರಿಗಳು ಕೂಡಿಸಿದ ಪ್ರಯೋಗ. ವಿಂಟೇಜ್ ಕಾರಿಗೆ ಇಂಡಿಕೇಟರ್ ಹಾಕಬೇಕೇ ಬೇಡವೇ ಎಂಬ ಚರ್ಚೆಯನ್ನು ಶುರು ಮಾಡಬೇಕಾದದ್ದು ಇಲ್ಲಿಂದ. ಆ ಕಾರು ತಯಾರಾದಾಗ ಸಿಗ್ನಲ್ ಇದ್ದದ್ದು ಗಾಡಿಯ ಬಾಡಿಯಲ್ಲಲ್ಲ, ಓಡಿಸುವವನ ಮೈಯಲ್ಲಿ.

ಈ ಚರ್ಚೆಯಲ್ಲಿ ಸಾಮಾನ್ಯವಾಗಿ ಕೇಳಿಬರುವ ಆಕ್ಷೇಪ ಒಂದೇ: ‘ಕಂಪನಿಯವರು ಹಾಕದ್ದನ್ನು ನಾವು ಹಾಕಿದರೆ ಕಾರಿನ ಅಸಲಿತನ ಕೆಡುತ್ತದೆ.’ ಆದರೆ ದಾಖಲೆಗಳನ್ನು ಹಿಂದಕ್ಕೆ ತಿರುವಿದರೆ ಬೇರೆಯದೇ ಚಿತ್ರ ಕಾಣುತ್ತದೆ. ತಿರುವಿನ ಸೂಚಕ ಹುಟ್ಟಿದ್ದೇ ಕಾರಿಗೆ ಹೊರಗಿನಿಂದ ಕೂಡಿಸುವ ಸಾಮಾನಾಗಿ. ಅದು ಕಾರ್ಖಾನೆಯೊಳಗೆ ಕಾಲಿಡಲು ದಶಕಗಳೇ ಬೇಕಾದವು.

ಪರ್ಸಿ ಡಗ್ಲಾಸ್ ಹ್ಯಾಮಿಲ್ಟನ್ 1907ರಲ್ಲಿ ಅರ್ಜಿ ಹಾಕಿ 1909ರಲ್ಲಿ ಪಡೆದ ಅಮೆರಿಕದ ಪೇಟೆಂಟು ಇದಕ್ಕೆ ಒಳ್ಳೆಯ ಸಾಕ್ಷಿ. ಗಾಡಿ ಎತ್ತ ಹೊರಳಲಿದೆ ಎಂದು ತೋರಿಸುವ ಆ ಸಾಧನದ ದೀಪಗಳಿಗೆ ಅವನು ಕೊಟ್ಟ ಆಕಾರ ಮನುಷ್ಯನ ಹಸ್ತದ್ದು. ಕಿಟಕಿಯಾಚೆಗಿದ್ದ ಕೈಯನ್ನು ದೀಪವಾಗಿಸುವುದಷ್ಟೇ ಅವನ ಕಲ್ಪನೆಯಲ್ಲಿತ್ತು. ಮೂಕಿಚಿತ್ರಗಳ ತಾರೆ ಫ್ಲಾರೆನ್ಸ್ ಲಾರೆನ್ಸ್ 1914ರ ಸುಮಾರಿಗೆ ರೂಪಿಸಿದ ಏರ್ಪಾಟಿನಲ್ಲಿ ಗುಂಡಿ ಒತ್ತಿದರೆ ಕಾರಿನ ಹಿಂಬದಿಯ ಸೂಚಕ ಎದ್ದು ನಿಲ್ಲುತ್ತಿತ್ತು, ಬ್ರೇಕ್ ತುಳಿದರೆ ‘ನಿಲ್ಲು’ ಎಂಬ ಫಲಕ ಕಾಣಿಸುತ್ತಿತ್ತು. ಆಕೆ ಪೇಟೆಂಟ್ ಪಡೆಯಲಿಲ್ಲ. ಕಾರನ್ನು ಬಹಳ ಪ್ರೀತಿಸಿ, ಅದನ್ನು ಸ್ವತಃ ಓಡಿಸಿ, ಅದರ ಕೊರತೆಯನ್ನು ತಾನೇ ತುಂಬಲು ಹೊರಟ ಈ ನಟಿಯ ಹೆಸರು ಮೋಟಾರು ಚರಿತ್ರೆಯಲ್ಲಿ ಇನ್ನೂ ದೊಡ್ಡದಾಗಿ ಬರಬೇಕಿತ್ತು.

ಬಯಲುಗಾಡಿಗಳ ಕಾಲಕ್ಕೆ ಕೈ ಸಾಕಾಗಿತ್ತು. 1920ರ ದಶಕದಲ್ಲಿ ಮಾಡು, ಬಾಗಿಲು, ಗಾಜಿನ ಕಿಟಕಿಗಳಿದ್ದ ಮುಚ್ಚುಗಾಡಿಗಳು ಹೆಚ್ಚಿದಂತೆ ಕೈ ಒಳಗೆ ಸಿಕ್ಕಿಕೊಂಡಿತು. ಮಳೆಯಲ್ಲಿ, ಚಳಿಯಲ್ಲಿ ಗಾಜು ಇಳಿಸಿ ಕೈ ಚಾಚುವವರು ಯಾರು? ಕತ್ತಲಲ್ಲಿ ಚಾಚಿದರೂ ಕಾಣುವುದು ಯಾರಿಗೆ? ಉತ್ತರ ರೈಲು ನಿಲ್ದಾಣದ ಕೈಮರದಿಂದ ಬಂತು. ಜರ್ಮನಿಯ ಬಾಷ್ ಕಂಪನಿ 1928ರಲ್ಲಿ ಮಾರುಕಟ್ಟೆಗೆ ತಂದ ಸೂಚಕ, ಬ್ರಿಟನ್ನಿನಲ್ಲಿ ಲ್ಯೂಕಾಸ್ ಕಂಪನಿ ತಯಾರಿಸಿದ ಟ್ರಾಫಿಕೇಟರ್, ಎರಡೂ ಇದೇ ಜಾತಿಯವು. ಬಾಗಿಲ ಪಕ್ಕದ ಕಂಬದೊಳಗೆ ಒಂದು ಸಣ್ಣ ತೋಳು ಮಡಚಿ ಮಲಗಿರುತ್ತದೆ. ಸ್ವಿಚ್ ಒತ್ತಿದಾಗ ಸುರುಳಿತಂತಿಯಲ್ಲಿ ವಿದ್ಯುತ್ ಹರಿದು, ಅದರ ಕಾಂತಬಲ ಒಳಗಿನ ಕಬ್ಬಿಣದ ಸರಳನ್ನು ಎಳೆದು, ತೋಳು ಅಡ್ಡಕ್ಕೆ ಏಳುತ್ತದೆ. ಕೇಸರಿ ಹೊದಿಕೆಯೊಳಗಿನ 3 ವ್ಯಾಟಿನ ಪುಟ್ಟ ಬಲ್ಬು ಹೊತ್ತಿಕೊಳ್ಳುತ್ತದೆ.

ಮಿನುಗುವ ದೀಪವನ್ನು ಮೊದಲು ಮನೆಗೆ ಕರೆದುಕೊಂಡ ದೊಡ್ಡ ತಯಾರಕರಲ್ಲಿ ಬ್ಯೂಕ್ ಮುಖ್ಯ. 1939ರ ಬ್ಯೂಕ್‌ನಲ್ಲಿ ಅದು ಹಿಂಬದಿಗೆ ಮಾತ್ರ ಇತ್ತು. 1940ರಲ್ಲಿ ಮುಂಬದಿಗೂ ಬಂತು, ತಿರುವು ಮುಗಿದ ಮೇಲೆ ತಾನೇ ಆರುವ ಸ್ವಿಚ್ಚೂ ಬಂತು. ಯುರೋಪು ಅವಸರಪಡಲಿಲ್ಲ. ಫೋಕ್ಸ್‌ವ್ಯಾಗನ್ ಬೀಟಲ್ ಅಮೆರಿಕದ ಗಿರಾಕಿಗಳಿಗೆ 1955ರಲ್ಲೇ ಮಿನುಗುದೀಪ ಕೊಟ್ಟರೂ ತನ್ನ ನೆಲದಲ್ಲಿ 1960ರವರೆಗೆ ತೋಳನ್ನೇ ಇಟ್ಟುಕೊಂಡಿತು. ಬ್ರಿಟನ್ನಿನ ಮಾರಿಸ್ ಮೈನರ್ ಅದನ್ನು ಬಿಟ್ಟದ್ದು 1961ರಲ್ಲಿ.

ಈ ನಡುವಿನ ದಶಕಗಳಲ್ಲಿ ಹಳೆಯ ಗಾಡಿ ಇದ್ದವರು ಸುಮ್ಮನೆ ಕೂರಲಿಲ್ಲ. ಅಮೆರಿಕದ ಸಿಗ್ನಲ್-ಸ್ಟ್ಯಾಟ್ ಕಂಪನಿಯ ಸ್ವಿಚ್ಚನ್ನು ಸ್ಟಿಯರಿಂಗ್ ಕಂಬಕ್ಕೆ ಪಟ್ಟಿ ಬಿಗಿದು ಕೂರಿಸಿದರೆ ಸಾಕಿತ್ತು, ಕೊರೆಯುವ ಅಗತ್ಯವೇ ಇರಲಿಲ್ಲ. ಅದರ 900ನೇ ಮಾದರಿ ಇಂದಿಗೂ ಹಳೆಯ ಟ್ರಕ್ಕು, ಕಾರುಗಳ ಕಂಬದ ಮೇಲೆ ಕಾಣಸಿಗುತ್ತದೆ. ಹಿಂದಿನ ಬ್ರೇಕ್ ದೀಪವನ್ನೇ ಇಂಡಿಕೇಟರಾಗಿಯೂ ದುಡಿಸುವುದು ಅಮೆರಿಕದ ಪದ್ಧತಿ. ಆದ್ದರಿಂದ ಬ್ರೇಕಿನ ತಂತಿ ನೇರವಾಗಿ ದೀಪಕ್ಕೆ ಹೋಗದೆ ಈ ಸ್ವಿಚ್ಚಿನೊಳಗೆ ಹಾದು ಹೋಗುತ್ತದೆ. ಎಡಕ್ಕೆ ಹಾಕಿದಾಗ ಎಡದೀಪ ಬ್ರೇಕಿನಿಂದ ಕಳಚಿ ಮಿನುಗಿಗೆ ಸೇರುತ್ತದೆ, ಬಲದೀಪ ಬ್ರೇಕಿನ ಜತೆಯಲ್ಲೇ ಉಳಿಯುತ್ತದೆ. ಎಂಜಿಎ, ಆಸ್ಟಿನ್-ಹೀಲಿಗಳಂಥ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳಲ್ಲಿ ಇದೇ ಕೆಲಸವನ್ನು ಲ್ಯೂಕಾಸ್‌ನ ಡಿಬಿ10 ಎಂಬ ರಿಲೇ ಪೆಟ್ಟಿಗೆ ಮಾಡಿತು.

ಹಳೆಯ ಕಾರಿನ ವೈರಿಂಗಿಗೆ ಕೈ ಹಾಕಿದವರಿಗೆ ಮೊದಲು ಎದುರಾಗುವುದು 6 ವೋಲ್ಟಿನ ಬಡತನ. ಮುಂದೊಂದು ಹಿಂದೊಂದು 21 ವ್ಯಾಟಿನ ಬಲ್ಬು ಎಂದರೆ 42 ವ್ಯಾಟ್. 12 ವೋಲ್ಟಿನ ಕಾರಿನಲ್ಲಿ ಅದಕ್ಕೆ 3.5 ಆಂಪಿಯರ್ ಸಾಕು. 6 ವೋಲ್ಟಿನ ಮಾರಿಸ್ ಎಯ್ಟ್ ಅಥವಾ ಫೋರ್ಡ್ ಮಾಡೆಲ್ ಎ ಕಾರಿನಲ್ಲಿ 7 ಆಂಪಿಯರ್ ಬೇಕು. ತಂತಿ ದಪ್ಪವಿರಬೇಕು. ಅದಕ್ಕಿಂತ ಮುಖ್ಯವಾಗಿ ಅರ್ಥ್ ಚೊಕ್ಕವಾಗಿರಬೇಕು, ಏಕೆಂದರೆ ದೀಪದಿಂದ ವಿದ್ಯುತ್ ಮರಳುವುದು ಮಡ್‌ಗಾರ್ಡಿನ ಬೋಲ್ಟು, ಚಾಸಿಗಳ ಮೂಲಕ. ಅಲ್ಲಿ ಎಂಬತ್ತು ವರ್ಷದ ತುಕ್ಕೂ ಬಣ್ಣವೂ ಕೂತಿರುತ್ತವೆ. ಆ ಹಾದಿಯಲ್ಲಿ 0.6 ವೋಲ್ಟ್ ಸೋರಿಹೋದರೆ 6 ವೋಲ್ಟಿನಲ್ಲಿ ಹತ್ತನೇ ಒಂದು ಪಾಲು ಹೋದಂತೆ. ತಂತುವಿನ ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ವೇಗವಾಗಿ ಕುಸಿಯುವುದರಿಂದ ಅಷ್ಟಕ್ಕೇ ಸುಮಾರು ಶೇ. 30ರಷ್ಟು ಬೆಳಕು ಮಾಯವಾಗುತ್ತದೆ. ಇಂಡಿಕೇಟರ್ ಮಂಕಾಯಿತೆಂದು ಬಲ್ಬು ಬದಲಿಸುವ ಬದಲು ಬೋಲ್ಟಿನ ಬುಡ ಉಜ್ಜಿ, ದೀಪದಿಂದ ಚಾಸಿಗೆ ಪ್ರತ್ಯೇಕ ಅರ್ಥ್ ತಂತಿ ಎಳೆಯುವುದೇ ಇದಕ್ಕೆ ಮದ್ದು.

ಎರಡನೆಯ ತೊಡಕು ಪ್ಲಸ್-ಮೈನಸ್ಸಿನದು. 1930ರ ದಶಕದ ನಡುವಿನಿಂದ 1960ರ ದಶಕದ ನಡುವಿನವರೆಗೆ ಬಹುತೇಕ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ ಸೇರಿರುತ್ತಿತ್ತು. ಮಾಡೆಲ್ ಎ ಕಾರಿನಲ್ಲೂ ಹಾಗೆಯೇ. ಹಳೆಯ ಫ್ಲ್ಯಾಷರ್ ಡಬ್ಬಿಗೆ ಇದರ ಗೊಡವೆ ಇಲ್ಲ. ಲ್ಯೂಕಾಸ್ ಎಫ್‌ಎಲ್5ರ ಒಳಗಿರುವುದು ಒಂದು ತೆಳುತಂತಿ: ದೀಪಗಳಿಗೆ ಹೋಗುವ ವಿದ್ಯುತ್ತಿನಿಂದ ಅದು ಕಾದು ಹಿಗ್ಗುತ್ತದೆ, ಆಗ ಸಂಪರ್ಕ ಕೂಡಿ ದೀಪ ಪೂರ್ತಿ ಹೊತ್ತುತ್ತದೆ, ತಂತಿ ತಣಿದು ಕುಗ್ಗಿದರೆ ಸಂಪರ್ಕ ಬಿಡುತ್ತದೆ. ಒಂದು ಬಲ್ಬು ಹೋದರೆ ಅದರ ತಾಳ ತಪ್ಪುತ್ತದೆ, ಚಾಲಕನಿಗೆ ತಿಳಿಯುತ್ತದೆ. ಇದೇ ಡಬ್ಬಿಗೆ ಎಲ್‌ಇಡಿ ದೀಪ ಜೋಡಿಸಿದರೆ ತಂತಿ ಕಾಯುವಷ್ಟು ವಿದ್ಯುತ್ತೇ ಹರಿಯುವುದಿಲ್ಲ. ಎಲೆಕ್ಟ್ರಾನಿಕ್ ಫ್ಲ್ಯಾಷರ್ ತಂದರೆ, ಪ್ಲಸ್ ಅರ್ಥಿನ ಕಾರಿಗೆ ಹೇಳಿ ಮಾಡಿಸಿದ್ದೇ ಬೇಕು. ಉಲ್ಟಾ ಕೊಟ್ಟರೆ ಸುಟ್ಟುಹೋಗಬಹುದು. ಡ್ಯಾಶ್‌ಬೋರ್ಡಿನಲ್ಲಿ ಎಡಕ್ಕೂ ಬಲಕ್ಕೂ ಸೇರಿ ಒಂದೇ ಸೂಚನಾ ಬಲ್ಬಿರುವ ಗಾಡಿಗಳಲ್ಲಿ ಎಲ್‌ಇಡಿ ಇನ್ನೊಂದು ಗೊಂದಲ ತರುತ್ತದೆ. ಆ ಬಲ್ಬಿನ ಮೂಲಕ ಎದುರು ಬದಿಗೆ ನುಸುಳುವ ಸಣ್ಣ ವಿದ್ಯುತ್ತಿಗೇ ಅಲ್ಲಿನ ಎಲ್‌ಇಡಿಗಳು ಬೆಳಗಿ, ನಾಲ್ಕೂ ಮೂಲೆ ಒಟ್ಟಿಗೆ ಮಿನುಗತೊಡಗುತ್ತವೆ. ಎರಡು ಡಯೋಡು ಹಾಕಿದರೆ ನಿಲ್ಲುತ್ತದೆ.

ಕಾನೂನು ಈ ಗಾಡಿಗಳನ್ನು ಪ್ರತ್ಯೇಕ ವರ್ಗವಾಗಿ ನೋಡತೊಡಗಿದೆ. ಬ್ರಿಟನ್ನಿನಲ್ಲಿ 1936ಕ್ಕೆ ಮೊದಲು ರಸ್ತೆಗಿಳಿದ ಕಾರಿಗೆ ಇಂಡಿಕೇಟರ್ ಕಡ್ಡಾಯವಲ್ಲ. ಭಾರತದಲ್ಲಿ 2021ರ ನಿಯಮ 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ವಾಹನಗಳಿಗೆ ‘ವಿಎ’ ಅಕ್ಷರಗಳ ನೋಂದಣಿ ಸಂಖ್ಯೆ ಕೊಡುತ್ತದೆ. ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದೆಂಬುದು ಅದರ ಷರತ್ತು. ಪಟ್ಟಿ ಬಿಗಿದ ಸ್ವಿಚ್ಚು, ಬಂಪರ್ ಬೋಲ್ಟಿಗೇ ಕೂರಿಸಿದ ದೀಪ, ಹಳೆಯ ವೈರಿಂಗನ್ನು ಕತ್ತರಿಸದೆ ಪಕ್ಕದಲ್ಲಿ ಓಡಿಸಿದ ಹೊಸ ತಂತಿ, ಇವು ಅಂಥ ಬದಲಾವಣೆಗಳ ಸಾಲಿಗೆ ಸೇರುವಂಥವಲ್ಲ. ಐತಿಹಾಸಿಕ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟದ ಟ್ಯೂರಿನ್ ಸನ್ನದು ಕೇಳುವುದೂ ಇದನ್ನೇ: ಕೂಡಿಸಿದ್ದು ಕಣ್ಣಿಗೆ ಹೊಡೆಯಬಾರದು, ಬೇಕೆಂದಾಗ ಕಳಚುವಂತಿರಬೇಕು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಸಾಲಾಗಿ ನಿಂತಿರುವ ಹಳೆಯ ಕಾರುಗಳಿಗೆ ಯಾರಿಗೂ ಸಿಗ್ನಲ್ ಕೊಡಬೇಕಾದ ಪ್ರಮೇಯವಿಲ್ಲ. ಬೆಂಗಳೂರಿನ ಸರ್ಕಲ್ಲಿನಲ್ಲಿ ಬೈಕುಗಳ ನಡುವೆ ಬಲಕ್ಕೆ ಹೊರಳಬೇಕಾದ ಕಾರಿನ ಪಾಡು ಬೇರೆ. ಕಿಟಕಿಯಾಚೆ ಸುತ್ತುವ ಕೈಯ ಅರ್ಥ ಅಲ್ಲಿ ಎಷ್ಟು ಜನರಿಗೆ ಗೊತ್ತಿದ್ದೀತು?

ಟ್ರಾಫಿಕೇಟರ್ ಇನ್ನೂ ಜೀವಂತವಾಗಿರುವ ಕಾರಿಗೆ ದೀಪ ಕೂಡಿಸುವಾಗ ತೋಳನ್ನು ಕಿತ್ತುಹಾಕಬೇಕಾಗಿಲ್ಲ. ಸ್ಟಿಯರಿಂಗಿನ ನಡುವಿರುವ ಮೂಲ ಸ್ವಿಚ್ಚು ತೋಳಿಗೆ ಮೊದಲಿನಂತೆಯೇ ಬಿಡದೆ ವಿದ್ಯುತ್ ಕೊಡುತ್ತಿರಲಿ. ಅದೇ ತಂತಿಯಿಂದ ಕವಲು ತೆಗೆದು ಬದಿಗೊಂದರಂತೆ ರಿಲೇ ಇಟ್ಟು, ಫ್ಲ್ಯಾಷರಿನ ಮಿನುಗನ್ನು ಅದರ ಮೂಲಕ ದೀಪಗಳಿಗೆ ಕಳಿಸಬೇಕು. ಅವಸರದಲ್ಲಿ ಫ್ಲ್ಯಾಷರನ್ನು ಸ್ವಿಚ್ಚಿಗಿಂತ ಮೊದಲೇ ಕೂರಿಸಿದರೆ ತೋಳೂ ದೀಪದ ತಾಳಕ್ಕೆ ಎದ್ದು ಬಿದ್ದು ಕೆಲವೇ ದಿನಗಳಲ್ಲಿ ಸಡಿಲವಾಗುತ್ತದೆ. ಜೋಡಣೆ ಸರಿಯಿದ್ದರೆ ಒಂದೇ ಸ್ವಿಚ್ಚಿಗೆ 1930ರ ದಶಕದ ತೋಳು ಮೇಲೆದ್ದು ಅಲುಗದೆ ನಿಲ್ಲುತ್ತದೆ; ಬಂಪರಿನ ಪಕ್ಕದಲ್ಲಿ ಕೇಸರಿ ದೀಪ, ಭಾರತದ ನಿಯಮ ಹೇಳುವ ಹಾಗೆ ನಿಮಿಷಕ್ಕೆ 60ರಿಂದ 120 ಸಲ, ಹೊತ್ತಿ ಆರುತ್ತಿರುತ್ತದೆ.