ಬೋರ್ ಅಂದರೆ ಏನು? ಕೋವಿ, ಗುಂಡು ಮತ್ತು ತೂಕದ ಲೆಕ್ಕ

ನಮ್ಮ ಸಾಸಲಿನ ಕಡೆ 'ಹನ್ನೆರಡು ಬೋರಿನ ಕೋವಿ' ಅನ್ನೋ ಮಾತು ಕೇಳಿರ್ತೀರಿ. ಏನದು ಹನ್ನೆರಡು? ಒಂದು ಪೌಂಡ್ ಸೀಸವನ್ನ ಸಮನಾಗಿ 12 ಗುಂಡು ಎರಕ ಹೊಯ್ದರೆ, ಅದರಲ್ಲೊಂದು ಆ ನಳಿಗೆಗೆ ಸರಿಹೊಂದುತ್ತೆ. ಸುಮಾರು 38 ಗ್ರಾಂ. ಅಂಕಿ ಇಳಿದಷ್ಟೂ ಗುಂಡು ದಪ್ಪ: 4 ಬೋರಿಗೆ 113 ಗ್ರಾಂ!

ಅಷ್ಟು ತೂಕ ಯಾಕೆ? 1870ರ ದಶಕದಲ್ಲಿ ಮೈಸೂರು ಸಂಸ್ಥಾನದ ಆನೆ ಖೆಡ್ಡಾ ನಡೆಸಿದ ಸ್ಯಾಂಡರ್ಸನ್ ಕಾಲದಲ್ಲಿ ಇದ್ದದ್ದು ಕರಿಮದ್ದು. ಗುಂಡಿನ ವೇಗ ಕಡಿಮೆ. ಹಾಗಾಗಿ ಆನೆ, ಕಾಟಿಗೆ 4, 8 ಬೋರಿನ ಭಾರೀ ಕೋವಿಗಳೇ ಬೇಕಿದ್ದವು. ಹೊಗೆಯಿಲ್ಲದ ಮದ್ದು ಬಂದಮೇಲೆ ವೇಗ ಹೆಚ್ಚಿ, ಲೆಕ್ಕ ಬದಲಾಯ್ತು. ಬೆಂಗಳೂರಿನ ಕೆನೆತ್ ಆಂಡರ್ಸನ್ ನರಭಕ್ಷಕಗಳ ಬೆನ್ನುಹತ್ತಿದ್ದು ಪಾಯಿಂಟ್ 405 ವಿಂಚೆಸ್ಟರ್ ರೈಫಲ್ ಹಿಡಿದು. ಅದರ ಗುಂಡು ಬರೀ 19 ಗ್ರಾಂ.

ನನಗೆ ಮುಖ್ಯ ಅನ್ಸೋದು ಇದು: ಕೋವಿಯ ಆಯ್ಕೆ ತಪ್ಪಿದಾಗ ಬೆಲೆ ತೆತ್ತವರು ಬರೀ ಬೇಟೆಗಾರರಲ್ಲ. ಗಾಯಗೊಂಡು ತಪ್ಪಿಸಿಕೊಂಡ ಹುಲಿ, ಚಿರತೆ ಕೆಲವೊಮ್ಮೆ ಮನುಷ್ಯರ ಮೇಲೆ ತಿರುಗಿದವು. ಸತ್ತದ್ದು ದನ ಕಾಯೋರು, ಸೌದೆಗೆ ಹೋದೋರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ಕಡಿವಾಣ ಹಾಕ್ತು. ಹಳೇ ಬೇಟೆ ಕತೆ ಕೇಳುವಾಗ ಎಷ್ಟು ಬಿದ್ದವು ಅಂತ ಮಾತ್ರ ಅಲ್ಲ, ಗುಂಡು ತಿಂದು ಎಷ್ಟು ತಪ್ಪಿಸಿಕೊಂಡವು ಅಂತಲೂ ಕೇಳಿ.